ಕಿಂಡಿಗೆ ರಿವೆಟ್ ಏಕಿಲ್ಲ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಫೋಟೋಗಳನ್ನು ನೋಡಿ ನೀನು ಕೇಳಿದ ಪ್ರಶ್ನೆ ಸರಿಯಾಗಿದೆ. ಇಡೀ ವಿಮಾನವನ್ನು ರಿವೆಟ್ (ತಗಡುಗಳನ್ನು ಬಿಗಿಯುವ ಲೋಹದ ಮೊಳೆ) ಹೊಡೆದು ಕಟ್ಟುತ್ತಿರುವವನು ಗಾಳಿ ಬರುವ ಆ ಪುಟ್ಟ ಪ್ಲಾಸ್ಟಿಕ್ ಕಿಂಡಿಯನ್ನು ಮಾತ್ರ ಅಂಟಿನಿಂದ ಕೂರಿಸುವುದೇಕೆ? ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಿಡಿಭಾಗಗಳ ಕಿಟ್ ತಂದು ಕಟ್ಟುವ ನಮ್ಮ ಪುಟ್ಟ ವಿಮಾನ ಆರ್‌ವಿ-7ರ ಎರಡೂ ಮಗ್ಗುಲಲ್ಲಿ, ಮುಂದೆ ಕಿರಿದಾಗಿ ಹಿಂದಕ್ಕೆ ಅಗಲವಾಗುವ ತೆರಪು ಕಾಣುತ್ತದಲ್ಲ, ಅದು ನಾಕಾ ಮಾದರಿಯದು. ನಾಸಾ ಹುಟ್ಟುವ ಮೊದಲು ಅದರ ಜಾಗದಲ್ಲಿದ್ದ ಸಂಸ್ಥೆ ನಾಕಾ. ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯದಲ್ಲಿ ಈ ಆಕಾರವನ್ನು ಪರೀಕ್ಷಿಸಿ 1945ರಲ್ಲಿ ವರದಿ ಬರೆದರು. ತಗಡಿಗೆ ತಾಗಿ ಹರಿಯುವ ಗಾಳಿ ಮಂದವಾಗಿರುತ್ತದೆ. ಬಾಗಿದ ಅಂಚುಗಳಲ್ಲಿ ಏಳುವ ಸುಳಿಗಳು ಆ ಮಂದ ಪದರವನ್ನು ಪಕ್ಕಕ್ಕೆ ಸರಿಸುತ್ತವೆ, ಹೊರಗಿನ ಚುರುಕು ಗಾಳಿ ಏಳು ಡಿಗ್ರಿಯ ಆಸುಪಾಸಿನ ಇಳಿಜಾರಿನಲ್ಲಿ ಒಳಗಿಳಿಯುತ್ತದೆ. ಹೊರಗೆ ಏನೂ ಚಾಚಿಕೊಂಡಿರುವುದಿಲ್ಲ. ಎಷ್ಟು ನೋಡಿದರೂ ನನಗೆ ಇದು ಸೋಜಿಗವೇ.

ಈಗ ಅಂಟಿನ ವಿಷಯ. ಕಿಂಡಿ ಎಬಿಎಸ್ ಪ್ಲಾಸ್ಟಿಕ್ಕಿನದು, ತಗಡು ಅಲ್ಯೂಮಿನಿಯಂ. ಬಿಸಿಲಿಗೆ ಈ ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ರಿವೆಟ್ ಹೊಡೆದರೆ ಆ ಎಳೆದಾಟವೆಲ್ಲ ತೂತುಗಳ ಸುತ್ತ ಸೇರಿ ಬಿರುಕು ಬಿಡಬಹುದು. ಗಡುಸಾದ ಎಪಾಕ್ಸಿ ಅಂಟೂ ನನಗೆ ಇಲ್ಲಿ ಒಪ್ಪಿಗೆಯಿಲ್ಲ. ಅದರ ಬದಲು ನಾನು ಹಚ್ಚುವ ಪಾಲಿಸಲ್ಫೈಡ್ ಸೀಲೆಂಟ್, ಅಂದರೆ ಇಂಧನ ಟ್ಯಾಂಕಿನ ಸಂದು ಮುಚ್ಚಲು ಬಳಸುವ ಅಂಟು, ಗಟ್ಟಿಯಾದ ಮೇಲೂ ರಬ್ಬರಿನಂತೆ ಬಗ್ಗುತ್ತದೆ, ಮಳೆನೀರನ್ನೂ ತಡೆಯುತ್ತದೆ.

ಆದರೆ ರಿವೆಟ್ ಚೆನ್ನಾಗಿ ಕೂತಿದೆಯೇ ಎಂದು ಯಾವತ್ತು ಬೇಕಾದರೂ ಅಳತೆ ಹಿಡಿದು ನೋಡಬಹುದು. ಅಂಟಿನ ಕೂಡಿಕೆ ಒಮ್ಮೆ ಮುಚ್ಚಿದರೆ ಮುಗಿಯಿತು, ಒಳಗೇನಾಗಿದೆ ಎಂದು ಯಾವ ಕಣ್ಣಿಗೂ ಕಾಣದು. ಆದ್ದರಿಂದ ನಿಜವಾದ ಕೆಲಸವೆಲ್ಲ ಅಂಟು ಹಚ್ಚುವ ಮುನ್ನವೇ. ಮೊದಲು ಕಿಂಡಿಯ ಅಂಚುಪಟ್ಟಿ ತಗಡಿನ ಬಾಗಿಗೆ ಒತ್ತಾಯವಿಲ್ಲದೆ ಕೂರುವ ತನಕ ಉಜ್ಜುತ್ತಾ ಹೋದೆ. ಬಲವಂತವಾಗಿ ಬಗ್ಗಿಸಿ ಅಂಟಿಸಿದರೆ ಆ ಬಿಗಿತ ಅಂಟನ್ನು ಸದಾ ಎಳೆಯುತ್ತಲೇ ಇರುತ್ತದೆ. ಆಮೇಲೆ ಎರಡೂ ಮೈಗಳಿಗೆ ಉಪ್ಪುಕಾಗದದಿಂದ ಒರಟು. ತಗಡನ್ನು ಅಸಿಟೋನಿನಿಂದ ಒರೆಸಬಹುದು, ಎಬಿಎಸ್ ಮಾತ್ರ ಅಸಿಟೋನಿಗೆ ಕರಗುತ್ತದೆ, ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್. ನಂತರ ತಗಡಿನ ಮೇಲೆ ಶುದ್ಧ ನೀರು ಚಿಮುಕಿಸಿ ನೋಡಬೇಕು. ನೀರು ಒಂದೇ ಪೊರೆಯಾಗಿ ಹರಡಿದರೆ ಜಿಡ್ಡಿಲ್ಲ ಎಂದರ್ಥ. ಹನಿಹನಿಯಾಗಿ ಮುದುಡಿದರೆ ಮತ್ತೆ ಒರೆಸಬೇಕು. ಒಣಗಿದ ಮೇಲೆ ಬರಿಗೈ ತಾಗಿಸಕೂಡದು.

ಸೀಲೆಂಟಿನಲ್ಲಿ ಬಿಳಿ ಭಾಗ ಹತ್ತಕ್ಕೆ ಕಪ್ಪು ಭಾಗ ಒಂದು, ತೂಕದ ಲೆಕ್ಕದಲ್ಲಿ. ಬಿಳಿ ಗೆರೆ, ಕಪ್ಪು ಗೆರೆ ಎರಡೂ ಅಳಿದು ಒಂದೇ ಬೂದು ಬಣ್ಣವಾಗುವವರೆಗೆ ಕಲಸುತ್ತೇನೆ. ಗಂಧಕದ ಘಾಟು ಗ್ಯಾರೇಜು ತುಂಬುತ್ತದೆ. ಅಂಟು ಹಚ್ಚಿ ಕಿಂಡಿಯನ್ನು ತಗಡಿಗೆ ಒತ್ತುವಾಗ ಪೂರಾ ಬಿಗಿ ಕೊಡುವುದಿಲ್ಲ. ಅಂಟೆಲ್ಲ ಹೊರಬಂದು ನಡುವೆ ಬರಿದಾದರೆ ಹಿಡಿಯುವುದಾದರೂ ಯಾವುದು? ಸುತ್ತಲೂ ಸಮನಾದ ಎಳೆಯೊಂದು ಇಣುಕಿದರೆ ಸಾಕು, ಅದನ್ನು ಬೆರಳಿನಿಂದ ಸವರಿ ನುಣುಪು ಮಾಡುತ್ತೇನೆ, ಕೈಗವಸು ಹಾಕಿಕೊಂಡೇ.

ಉಳಿದ ಅಂಟನ್ನು ಅದೇ ರೀತಿ ಒರೆಸಿದ ತಗಡಿನ ತುಂಡೊಂದಕ್ಕೆ ಹಚ್ಚಿ, ತಾರೀಖು ಬರೆದು, ಪಕ್ಕದಲ್ಲೇ ಇಟ್ಟಿದ್ದೇನೆ. ಅಮೆರಿಕದ ಈ ಪೋರ್ಟ್‌ಲ್ಯಾಂಡಿನ ಚಳಿಗೆ ಇದು ಗಟ್ಟಿಯಾಗುವುದು ನಿಧಾನ. ದಿನವೂ ಆ ತುಂಡನ್ನು ಉಗುರಿನಿಂದ ಒತ್ತಿ ನೋಡುತ್ತೇನೆ, ಕಿಂಡಿಯನ್ನು ಮುಟ್ಟುವುದಿಲ್ಲ. ಒಂದೊಂದು ಹಂತದ ಫೋಟೋವನ್ನೂ ದಾಖಲೆ ಪುಸ್ತಕಕ್ಕೆ ಸೇರಿಸುತ್ತಿದ್ದೇನೆ. ಇಲ್ಲಿನ ನಿಯಮದಂತೆ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದೇವೆಂದು ತೋರಿಸಬೇಕು. ಕಾಣದ ಕೂಡಿಕೆಗೆ ಆ ಫೋಟೋಗಳೇ ಸಾಕ್ಷಿ.

ತುಂಡಿನ ಮೇಲೆ ಉಗುರಿನ ಗುರುತು ಬೀಳುವುದು ನಿಂತ ದಿನ ಕಿಂಡಿಯ ಕೊರಳಿಗೆ ಗಾಳಿಕೊಳವೆ ಜೋಡಿಸುತ್ತೇನೆ. ಆ ಫೋಟೋ ಮೊದಲು ನಿನಗೇ ಕಳುಹಿಸುತ್ತೇನೆ. ಕೊಳವೆಯ ತಿರುವು ಎಲ್ಲಾದರೂ ಗಾಳಿಯನ್ನು ಹಿಸುಕುತ್ತಿದೆ ಎನಿಸಿದರೆ ತಪ್ಪದೆ ಹೇಳು.

ನಿನ್ನ ಗೆಳೆಯ