ಬಣ್ಣದ ಗಾಜಿನ ಹಳೇ ಕಿಟಕಿಗೆ ಸಿಲಿಕಾನ್ ಬಳಿಯೋದು ನಿಲ್ಲಲಿ

ಮಾನ್ಯ ಸಂಪಾದಕರೇ,

ನಾನು ಮೈಸೂರಲ್ಲಿ ಗ್ಲಾಸು, ಫೋಟೋ ಫ್ರೇಮ್ ಅಂಗಡಿ ಇಟ್ಕೊಂಡಿರೋನು, ನಮ್ಮಪ್ಪನ ಕಾಲದಿಂದ್ಲೂ ಇದೇ ಕೆಲಸ. ಪತ್ರಿಕೆಗೆ ಪತ್ರ ಬರೆದು ಅಭ್ಯಾಸ ಇಲ್ಲ, ಆದ್ರೆ ಹೋದ ತಿಂಗಳು ಒಂದು ಹಳೇ ಮನೇಲಿ ನೋಡಿದ್ದು ಇನ್ನೂ ಕಣ್ಣಿಂದ ಹೋಗಿಲ್ಲ, ಅದಕ್ಕೇ ಬರೀತಿದೀನಿ.

ಆ ಮನೇಲಿ ಮೆಟ್ಟಿಲು ತಿರುಗೋ ಕಡೆ ಒಂದು ಬಣ್ಣದ ಗಾಜಿನ ಕಿಟಕಿ ಇದೆ. ಆಳೆತ್ತರ ಇಲ್ಲ, ಎದೆ ಮಟ್ಟಕ್ಕೆ ಬರತ್ತೆ, ಕೆಂಪು, ಹಸಿರು, ಜೇನಿನ ಬಣ್ಣದ ಸಣ್ಣ ಸಣ್ಣ ಗಾಜು, ಅರವತ್ತಕ್ಕೂ ಮೇಲೆ ತುಂಡು, ಎಲ್ಲಾ ಸೀಸದ ಪಟ್ಟಿಯಲ್ಲಿ ಜೋಡಿಸಿದ್ದು. ಮನೆಯ ಯಜಮಾನಿ ವಯಸ್ಸಾದವರು, ನನ್ನ ಕರ್ಕೊಂಡು ಹೋಗಿ ಬೆರಳಲ್ಲಿ ಮೆಲ್ಲಗೆ ತಟ್ಟಿ ತೋರಿಸಿದ್ರು, "ನೋಡಪ್ಪ, ಗಾಜೆಲ್ಲಾ ಅಲ್ಲಾಡತ್ತೆ, ಎರಡು ವರ್ಷದ ಹಿಂದೆ ತಾನೇ ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದು" ಅಂದ್ರು. ಹತ್ರ ಹೋಗಿ ನೋಡ್ತೀನಿ, ಪ್ರತಿ ಸೀಸದ ಗೆರೆ ಮೇಲೂ ಬೆರಳು ದಪ್ಪಕ್ಕೆ ಸಿಲಿಕಾನ್ ಅಂಟು ಎಳೆದಿದಾರೆ, ಅದು ಸಾಲದು ಅಂತ ಮುಂದೊಂದು ಹಿಂದೊಂದು ದೊಡ್ಡ ಗಾಜು ಕೂರಿಸಿ ಸುತ್ತ ಗಾಳಿ ಆಡದ ಹಾಗೆ ಸೀಲ್ ಮಾಡಿದಾರೆ. ಒಳಗೆ ನೀರು ಬೆವರಿ ಕೆಳಗಡೆ ಪಾಚಿ ಕಟ್ಟಿದೆ. ಸಿಲಿಕಾನ್ ಒಂದು ಕಡೆ ಕಿತ್ತು ನೋಡಿದ್ರೆ ಅದರ ಕೆಳಗೆ ಸೀಸ ಬೂದು ಬಣ್ಣಕ್ಕಿಲ್ಲ, ಸುಣ್ಣದ ಹಾಗೆ ಬೆಳ್ಳಗೆ ಪುಡಿ ಪುಡಿ.

ಇದು ಯಾಕಾಗತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಮಾಡಿದವರಿಗೆ ಕೆಟ್ಟ ಬುದ್ಧಿ ಇರ್ಲಿಲ್ಲ, ಗೊತ್ತಿರ್ಲಿಲ್ಲ ಅಷ್ಟೇ. ಅಂಗಡೀಲಿ ಕಡಿಮೆ ರೇಟಿಗೆ ಸಿಗೋ ಸಿಲಿಕಾನ್ ಟ್ಯೂಬು ಹಚ್ಚುವಾಗ ಮೂಗಿಗೆ ವಿನೆಗರ್ ವಾಸನೆ ಹೊಡೆಯತ್ತಲ್ಲ, ಅದು ಅಸಿಟಿಕ್ ಆಸಿಡ್ಡು. ಅಕ್ವೇರಿಯಮ್ಮಿಗೆ ಏನೂ ತೊಂದರೆ ಇಲ್ಲ, ಆದ್ರೆ ಸೀಸಕ್ಕೆ ಆ ಆಸಿಡ್ಡಿನ ಆವಿ ವಿಷ ಇದ್ದ ಹಾಗೆ, ಗಾಳಿ ಆಡದೆ ತೇವ ನಿಂತ ಕಡೆ ಅಂತೂ ಸೀಸ ಬಿಳೀ ಪುಡಿಯಾಗಿ ಉದುರತ್ತೆ. ಟ್ಯೂಬ್ ಮೇಲೆ ನ್ಯೂಟ್ರಲ್ ಅಂತ ಬರೆದಿರೋದೂ ಸಿಗತ್ತೆ, ಅದರಲ್ಲಿ ಈ ಆಸಿಡ್ ಇಲ್ಲ, ಹಾಗಂತ ಅದನ್ನೂ ಸೀಸದ ಪಟ್ಟಿ ಮೇಲೆ ಎಳೀಬೇಡಿ, ಮುಂದೆ ರಿಪೇರಿ ಮಾಡೋನು ಬಿಡಿಸೋಕೆ ಹೋದ್ರೆ ಗಾಜೇ ಒಡೆಯತ್ತೆ.

ಇಷ್ಟು ಸಣ್ಣ ಗಾಜು ಯಾಕೆ ಜೋಡಿಸ್ತಿದ್ರು, ದೊಡ್ಡದೇ ಹಾಕಬಹುದಿತ್ತಲ್ಲ ಅಂತ ಗಿರಾಕಿಗಳು ಕೇಳ್ತಾನೇ ಇರ್ತಾರೆ. ಆಗ ದೊಡ್ಡ ಗಾಜು ಸುಲಭಕ್ಕೆ ಸಿಗ್ತಾ ಇರ್ಲಿಲ್ಲ. ಕಾದ ಗಾಜನ್ನ ಕೊಳವೇಲಿ ಊದಿ, ತಿರುಗಿಸಿ ತಟ್ಟೆ ಮಾಡಿ ಇಲ್ಲಾ ಉದ್ದಕ್ಕೆ ಸೀಳಿ ಬಿಚ್ಚಿ ಹಾಳೆ ಮಾಡ್ತಿದ್ರು, ಊದೋನ ಉಸಿರು, ತೋಳು ಎಷ್ಟು ತಡೆಯತ್ತೋ ಅಷ್ಟೇ ಗಾಜು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದಾಗ ಕೂಡ ಒಂದೊಂದು ಗಾಜು ಸುಮಾರು 49 ಇಂಚು ಉದ್ದ, 10 ಇಂಚು ಅಗಲ, ಅದೇ ಆ ಕಾಲಕ್ಕೆ ದೊಡ್ಡ ವಿಷಯ, ಅಂಥ ಗಾಜು ಲಕ್ಷಗಟ್ಟಲೆ ಜೋಡಿಸಿ ಆ ಕಟ್ಟಡ ಎಬ್ಬಿಸಿದ್ರು. ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಅದನ್ನೇ ನೋಡಿ ಮಾಡಿದ್ದು, 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ರು. ಈಗ ನಾವು ಅಂಗಡೀಲಿ ಕತ್ತರಿಸೋ ನಯವಾದ ದೊಡ್ಡ ಶೀಟು, ಕರಗಿದ ತವರದ ಮೇಲೆ ತೇಲಿಸಿ ಮಾಡೋ ಫ್ಲೋಟ್ ಗ್ಲಾಸು, ಅದನ್ನ ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿಯವರು ಹೊರಗೆ ತೋರಿಸಿದ್ದೇ 1959ರಲ್ಲಿ.

ಇನ್ನು ಸೀಸದ ಕೆಲಸ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಟ್ಟಿ ಅಡ್ಡಕ್ಕೆ ಕತ್ತರಿಸಿ ನೋಡಿದ್ರೆ ಇಂಗ್ಲಿಷಿನ ಎಚ್ ಅಕ್ಷರ ಮಲಗಿಸಿದ ಹಾಗಿರತ್ತೆ, ಎರಡು ಕಡೆ ಎರಡು ಕಾಲುವೆ, ಈ ಕಡೆ ಒಂದು ಗಾಜು ಆ ಕಡೆ ಒಂದು ಗಾಜು ತೂರತ್ತೆ. ಕೆಲಸ ಶುರು ಮಾಡೋಕೆ ಮುಂಚೆ ಪಟ್ಟಿಯ ಒಂದು ತುದಿ ಹಿಡಿಕೆಗೆ ಸಿಕ್ಕಿಸಿ ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಎಳೀಬೇಕು, ಸೊಟ್ಟ ಇದ್ದದ್ದು ಕೈಯಲ್ಲೇ ಮೆಲ್ಲಗೆ ನೆಟ್ಟಗಾಗೋದು ಗೊತ್ತಾಗತ್ತೆ, ಆಮೇಲೇ ಬಳಸೋದು. ಪೂರ್ತಿ ಅಳತೆಯ ಚಿತ್ರ ಹಲಗೆ ಮೇಲೆ ಹಾಸಿ, ಮೂಲೆಯಿಂದ ಶುರು ಮಾಡಿ, ಒಂದು ಪಟ್ಟಿ ಒಂದು ಗಾಜು, ಒಂದು ಪಟ್ಟಿ ಒಂದು ಗಾಜು, ಜಾರದ ಹಾಗೆ ಪಕ್ಕಕ್ಕೆ ಮೊಳೆ ಹೊಡೀತಾ ಹೋಗ್ಬೇಕು. ಬೆಸುಗೆ ಹಾಕೋದು ಪಟ್ಟಿ ಪಟ್ಟಿ ಸೇರೋ ಜಾಗದಲ್ಲಿ ಮಾತ್ರ, ಉದ್ದಕ್ಕೂ ಅಲ್ಲ. ಸೀಸ ಕರಗೋದು 327 ಡಿಗ್ರಿಗೆ, ತವರ ಸೀಸ ಬೆರೆಸಿದ ಬೆಸುಗೆ 190ರ ಆಸುಪಾಸಲ್ಲೇ ಕರಗತ್ತೆ, ಆ ಮಧ್ಯದಲ್ಲೇ ಕೈ ನಡೀಬೇಕು, ಕಾವು ಒಂದು ಚೂರು ಹೆಚ್ಚಾಯ್ತೋ ಪಟ್ಟಿನೇ ತೂತು ಬೀಳತ್ತೆ. ಎರಡೂ ಮಗ್ಗುಲು ಮುಗಿದ ಮೇಲೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಚೂರು ದೀಪದ ಮಸಿ ಕಲಸಿ ಪುಟ್ಟಿ ಮಾಡಿ ಬ್ರಶ್ಶಲ್ಲಿ ಸೀಸದ ಕೆಳಗೆ ತುರುಕಬೇಕು, ಮಳೆ ನೀರು ತಡೆಯೋದು ಇದೇ, ಗಾಜಿನ ಗಡಗಡ ನಿಲ್ಲಿಸೋದೂ ಇದೇ. ಮೇಲೆ ಒಣ ಸೀಮೆಸುಣ್ಣದ ಪುಡಿ ಉದುರಿಸಿ ಉಜ್ಜಿದ್ರೆ ಗಾಜು ಹೊಳೆಯತ್ತೆ, ಸೀಸ ಕಪ್ಪಗಾಗತ್ತೆ. ಕಿಟಕಿ ದೊಡ್ಡದಾದ್ರೆ ಅಡ್ಡಕ್ಕೆ ಕಬ್ಬಿಣದ ಸರಳು ಕೊಟ್ಟು, ಸೀಸಕ್ಕೆ ಬೆಸೆದ ತಾಮ್ರದ ತಂತೀನ ಅದಕ್ಕೆ ಸುತ್ತಿ ತಿರುಚಿ ಕಟ್ಟೋದು, ಇಲ್ಲಾಂದ್ರೆ ತನ್ನ ಭಾರಕ್ಕೇ ಹೊಟ್ಟೆ ಬಿಡತ್ತೆ.

ಈ ಜೋಡಣೆ ಗಟ್ಟಿಯಾಗಿ ಹಿಡಿದಿಲ್ಲ ಅನ್ನೋದೇ ಇದರ ಗುಣ, ಜನರಿಗೆ ಅರ್ಥ ಆಗದೇ ಇರೋದೂ ಅದೇ. ಬಿಸಿಲಿಗೆ ಸೀಸ ಗಾಜಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಹಿಗ್ಗತ್ತೆ, ಸಂಜೆ ಕುಗ್ಗತ್ತೆ, ಸೀಸ ಮೆತ್ತಗಿರೋದ್ರಿಂದ ಆ ಎಳೆದಾಟ ಎಲ್ಲಾ ತಾನೇ ತಗೊಂಡು ಗಾಜನ್ನ ಕಾಪಾಡತ್ತೆ. ನೂರು ವರ್ಷ ಹೀಗೆ ದುಡಿದು ಸೀಸ ದಣಿಯತ್ತೆ, ಬಿರುಕು ಬಿಡತ್ತೆ, ಆಗ ಬಿಚ್ಚಿ ಹೊಸ ಸೀಸ ಹಾಕೋದು, ಗಾಜು ಅದೇ ಹಳೇದು. ಪ್ಯಾರಿಸ್ಸಿನಲ್ಲಿ ಸೇಂಟ್ ಶಾಪೆಲ್ ಅಂತ ಒಂದು ಚರ್ಚಿದೆ, 1248ರದ್ದು, 15 ದೊಡ್ಡ ಕಿಟಕಿ, ಅಲ್ಲಿನ ಗಾಜಲ್ಲಿ ಹೆಚ್ಚಿನ ಪಾಲು ಆ ಕಾಲದ್ದೇ. ಶಾರ್ತ್ರ್ ಅನ್ನೋ ಊರಿನ ಕೆಥೆಡ್ರಲ್ಲಿನ ಗಾಜನ್ನ 1939ರಲ್ಲಿ ಯುದ್ಧ ಬರತ್ತೆ ಅಂತ ಪ್ಯಾನೆಲ್ ಪ್ಯಾನೆಲ್ಲಾಗಿ ಇಳಿಸಿ ಪೆಟ್ಟಿಗೆಗೆ ತುಂಬಿ ದೂರ ಸಾಗಿಸಿ, ಯುದ್ಧ ಮುಗಿದ ಮೇಲೆ ವಾಪಸ್ ಕೂರಿಸಿದ್ರು. ಬಿಚ್ಚೋ ಹಾಗೆ ಜೋಡಿಸಿದ್ದಕ್ಕೇ ಅದು ಆಯ್ತು, ಸಿಲಿಕಾನ್ ಮೆತ್ತಿದ್ರೆ ಯಾವ ಪ್ಯಾನೆಲ್ ಇಳೀತಿತ್ತು ಹೇಳಿ.

ಸೀಸ ಒಂದೇ ದಾರಿ ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಟಿಫನಿಯವರ ಕಾರ್ಖಾನೇಲಿ ಪ್ರತಿ ತುಂಡಿನ ಅಂಚಿಗೆ ತೆಳು ತಾಮ್ರದ ಹಾಳೆ ಸುತ್ತಿ ಆ ತಾಮ್ರಕ್ಕೇ ಉದ್ದಕ್ಕೂ ಬೆಸುಗೆ ಹಾಕ್ತಿದ್ರು, ಅದರಿಂದ ಹೂವಿನ ಎಸಳು, ಚಿಟ್ಟೆ ರೆಕ್ಕೆ ಥರ ಸಣ್ಣ ಕೆಲಸ, ಉಬ್ಬಿದ ಲ್ಯಾಂಪ್ ಶೇಡು ಎಲ್ಲಾ ಆಗತ್ತೆ, ಈಗ ಮನೇಲಿ ಹವ್ಯಾಸಕ್ಕೆ ಕಲಿಯೋರು ಹೆಚ್ಚಾಗಿ ಮಾಡೋದು ಇದನ್ನೇ. 1897ರ ಹೊತ್ತಿಗೆ ಶಿಕಾಗೋದ ಲಕ್ಸ್‌ಫರ್ ಕಂಪನಿಯವರು ಇನ್ನೂ ಮುಂದೆ ಹೋದ್ರು, 4 ಇಂಚು ಚೌಕದ ಗಾಜುಗಳ ಮಧ್ಯೆ ತಾಮ್ರದ ಪಟ್ಟಿ ಇಟ್ಟು ಇಡೀ ಪ್ಯಾನೆಲ್ಲನ್ನ ತಾಮ್ರದ ದ್ರಾವಣದ ತೊಟ್ಟೀಲಿ ಮುಳುಗಿಸಿ ಕರೆಂಟ್ ಹರಿಸೋದು, ಪಟ್ಟಿಯ ಅಂಚಲ್ಲಿ ತಾಮ್ರ ತಾನೇ ಕೂತು ದಪ್ಪ ಆಗಿ ಗಾಜನ್ನ ಕಚ್ಚಿ ಹಿಡಿಯತ್ತೆ, ಬೆಸುಗೆನೇ ಬೇಡ. ಅಂಗಡಿ ಮುಂದಿನ ಬೆಳಕನ್ನ ಒಳಗೆ ಹಿಂದಿನ ತನಕ ಬಗ್ಗಿಸಿ ಕಳಿಸೋಕೆ ಇಂಥ ಗಾಜು ಹಾಕ್ತಿದ್ರು. ಆಮೇಲೆ ಅಜರ್‌ಬೈಜಾನಿನ ಶೇಕಿ ಊರಿನ ಖಾನರ ಅರಮನೆ, ಹದಿನೆಂಟನೇ ಶತಮಾನದ್ದು, ಅಲ್ಲಿ ಸೀಸನೂ ಇಲ್ಲ ತಾಮ್ರನೂ ಇಲ್ಲ, ಮೊಳೆ ಇಲ್ಲ, ಅಂಟೂ ಇಲ್ಲ, ಸಣ್ಣ ಸಣ್ಣ ಕೆತ್ತಿದ ಮರದ ಕಡ್ಡಿಗಳು ಒಂದಕ್ಕೊಂದು ಕಚ್ಚಿಕೊಂಡು ಮಧ್ಯೆ ಬಣ್ಣದ ಗಾಜು ಹಿಡಿದಿರೋದು, ಒಂದು ಚದರ ಮೀಟರಲ್ಲಿ ಸಾವಿರಾರು ತುಂಡು. ಈ ಕೆಲಸಕ್ಕೆ ಶೆಬೆಕೆ ಅಂತಾರೆ. ವಿಡಿಯೋದಲ್ಲಿ ನೋಡಿ ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಒಂದೊಂದಕ್ಕೂ ಅದರದ್ದೇ ರಿಪೇರಿ ಇದೆ. ಯಾವ ಜೋಡಣೆ ಅಂತ ಮೊದಲು ಗುರುತು ಹಿಡೀಬೇಕು, ಆಮೇಲೆ ಕೈ ಇಡಬೇಕು.

ಈ ಮಾತು ನಮ್ಮೂರಿಗೆ ಯಾಕೆ ಬೇಕು ಅಂದ್ರೆ, ಬಣ್ಣದ ಗಾಜಿನ ವಿಷಯದಲ್ಲಿ ಮೈಸೂರಿನಷ್ಟು ಭಾಗ್ಯ ಎಷ್ಟು ಊರಿಗಿದೆ? ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದ್ರೆ ನವಿಲುಗಳ ಗಾಜಿನ ಚಾವಣಿ, ಅದರ ಕಬ್ಬಿಣದ ಕೆಲಸ ಗ್ಲಾಸ್ಗೋದಿಂದ ಬಂದಿದ್ದು, ಅರಮನೆ ಮುಗಿದಿದ್ದು 1912ರಲ್ಲಿ. ಸೇಂಟ್ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ್ದು, ಅಲ್ಲಿ ಯೇಸುವಿನ ಜೀವನದ ಚಿತ್ರಗಳ ಗಾಜು, ಬೆಳಗಿನ ಹೊತ್ತು ಹೋಗಿ ನಿಂತ್ಕೊಂಡು ನೋಡಬೇಕು. ಇಂಥ ದೊಡ್ಡ ಜಾಗಗಳ ಮೇಲೆ ನಾಲ್ಕು ಜನರ ಕಣ್ಣಾದ್ರೂ ಇರತ್ತೆ. ನನ್ನ ಚಿಂತೆ ಹಳೇ ಬಂಗಲೆ, ಹಳೇ ಸ್ಕೂಲು, ಸಣ್ಣ ಚರ್ಚು, ಸರ್ಕಾರಿ ಕಟ್ಟಡಗಳ ಬಾಗಿಲ ಮೇಲಿನ ಅರ್ಧ ಚಂದ್ರದ ಗಾಜುಗಳದ್ದು, ಅವುಗಳ ಲೆಕ್ಕ ಇಡೋರು ಕಾಣಿಸ್ತಿಲ್ಲ. ನನ್ನ ಕಣ್ಣಿಗೆ ಬಿದ್ದ ರಿಪೇರಿ ಎಸ್ಟಿಮೇಟುಗಳಲ್ಲಿ ಗ್ಲಾಸ್ ವರ್ಕ್ ಚದರ ಅಡಿಗಿಷ್ಟು ಅಂತ ಒಂದೇ ಸಾಲು, ಸಾದಾ ಕಿಟಕಿ ಗಾಜಿಗೂ ಅದೇ ರೇಟು ಅರವತ್ತು ತುಂಡಿನ ಸೀಸದ ಕೆಲಸಕ್ಕೂ ಅದೇ ರೇಟು, ಆ ರೇಟಲ್ಲಿ ಕೆಲಸಗಾರ ಏನು ಮಾಡ್ತಾನೆ, ಒಂದು ಟ್ಯೂಬು ತಗೊಂಡು ಅರ್ಧ ಗಂಟೇಲಿ ಮುಗಿಸ್ತಾನೆ, ಅವನನ್ನ ಬೈದು ಪ್ರಯೋಜನ ಇಲ್ಲ.

ಅದಕ್ಕೆ ನನ್ನ ಕೋರಿಕೆ ಇಷ್ಟು. ಪುರಾತತ್ವ ಇಲಾಖೆಯವರು, ಲೋಕೋಪಯೋಗಿ ಇಲಾಖೆಯವರು ಹಳೇ ಕಟ್ಟಡದ ಟೆಂಡರಲ್ಲಿ ಸೀಸದ ಕಿಟಕಿ ಕೆಲಸಾನ ಬೇರೆ ಐಟಂ ಮಾಡಿ, ಚದರ ಅಡಿ ಬದಲು ತುಂಡಿನ ಲೆಕ್ಕಕ್ಕೆ ರೇಟ್ ಕೊಡಲಿ, ಸಿಲಿಕಾನ್ ಬಳಸಬಾರದು ಅಂತ ಅದರಲ್ಲೇ ಬರೀಲಿ. ಐಟಿಐಗಳಲ್ಲಿ, ಮೈಸೂರಿನ ನಮ್ಮ ಚಿತ್ರಕಲಾ ಕಾಲೇಜು ಕಾವಾದಲ್ಲಿ ಮೂರು ತಿಂಗಳ ಒಂದು ಕೋರ್ಸ್ ಶುರು ಮಾಡ್ಲಿ, ಮರಗೆಲಸ ಬೆಸುಗೆ ಕೆಲಸ ಗೊತ್ತಿರೋ ಹುಡುಗರಿಗೆ ಇದು ಕಷ್ಟ ಅಲ್ಲ, ವಾರಕ್ಕೆ ಎರಡು ದಿನ ನಾನೂ ಬಂದು ಹೇಳ್ಕೊಡ್ತೀನಿ, ದುಡ್ಡು ಬೇಡ. ಕಲಿಸುವಾಗ ಸೀಸದ ಅಪಾಯನೂ ಮೊದಲ ದಿನವೇ ಹೇಳ್ಬೇಕು. ಆ ಬಿಳೀ ಪುಡಿ ಹೊಟ್ಟೆಗೆ, ಉಸಿರಿಗೆ ಹೋದ್ರೆ ಕೆಟ್ಟದ್ದು, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಆ ಪುಡಿ ಹತ್ತಿದ ಸೀಸನ ಒಣಗಿದ್ದಾಗ ಉಜ್ಜಬಾರದು, ಮಾಸ್ಕ್ ಹಾಕಬೇಕು, ಕೈ ತೊಳೀದೆ ಕಾಫಿ ಲೋಟನೂ ಮುಟ್ಟಬಾರದು. ಕೆಲಸದ ಅಂಗಿ ಮನೆಯ ಬಟ್ಟೆ ಜೊತೆ ಹಾಕಬಾರದು ಅಂತ ನಮ್ಮನೇಲಿ ರೂಲ್ಸೇ ಇದೆ.

ಮನೇಲಿ ಇಂಥ ಕಿಟಕಿ ಇರೋರಿಗೂ ಒಂದು ಮಾತು. ಗಾಜು ಅಲ್ಲಾಡ್ತಿದ್ರೆ ಹೆದರಬೇಡಿ, ಎಷ್ಟೋ ಸಲ ಒಳಗಿನ ಪುಟ್ಟಿ ಒಣಗಿ ಉದುರಿರತ್ತೆ ಅಷ್ಟೇ. ಬಿಸಿಲು ಎದುರಿಗಿರುವಾಗ ಒಳಗಿಂದ ಒಂದು ಫೋಟೋ ತೆಗೆದಿಡಿ, ಬಣ್ಣ, ಗೆರೆ ಎಲ್ಲಾ ಸ್ಪಷ್ಟ ಬರತ್ತೆ. ಬಿದ್ದ ತುಂಡು ಎಷ್ಟೇ ಸಣ್ಣದಿರಲಿ ಬಿಸಾಡಬೇಡಿ, ಪೇಪರಲ್ಲಿ ಸುತ್ತಿ ಯಾವ ಜಾಗದ್ದು ಅಂತ ಬರೆದಿಡಿ, ಒಡೆದ ಗಾಜನ್ನ ತಾಮ್ರದ ಹಾಳೆ ಸುತ್ತಿ ಮತ್ತೆ ಸೇರಿಸಬಹುದು, ಆದ್ರೆ ಆ ಹಳೇ ಕೆಂಪು ಬಣ್ಣಕ್ಕೆ ಸರಿ ಹೊಂದೋ ಗಾಜು ಈಗ ಹುಡುಕಿದ್ರೂ ಸಿಗೋದು ಕಷ್ಟ.

ಆ ಮನೆಯ ಕಿಟಕಿ ಈಗ ನಮ್ಮ ಅಂಗಡಿ ಹಿಂದಿನ ಮೇಜಿನ ಮೇಲಿದೆ. ಸಿಲಿಕಾನ್ ಬಿಡಿಸೋಕೇ ಒಂಬತ್ತು ದಿನ ಹಿಡೀತು, ಬ್ಲೇಡಲ್ಲಿ ಕೂದಲೆಳೆ ಕೂದಲೆಳೆಯಾಗಿ. ಬಿಚ್ಚೋಕೆ ಮುಂಚೆ ದೊಡ್ಡ ಬಿಳೀ ಹಾಳೆ ಹಾಸಿ ಪೆನ್ಸಿಲ್ಲಲ್ಲಿ ಉಜ್ಜಿ ಸೀಸದ ಗೆರೆಗಳ ಅಚ್ಚು ತೆಗೆದುಕೊಂಡೆ, ಪ್ರತಿ ತುಂಡಿಗೂ ನಂಬರ್ ಹಾಕಿದೀನಿ, ಎರಡು ಗಾಜು ಮಾತ್ರ ಒಡೆದಿದೆ. ಹೊಸ ಸೀಸ ಬಂದಿದೆ, ದೀಪಾವಳಿ ಒಳಗೆ ಮೆಟ್ಟಿಲ ಹತ್ರ ಕೂರಿಸಿ ಕೊಡ್ತೀನಿ ಅಂತ ಆ ತಾಯಿಗೆ ಹೇಳಿದೀನಿ. ಇಲಾಖೆಯವರು, ಕಾವಾದ ಮೇಷ್ಟ್ರುಗಳು, ಯಾರಾದ್ರೂ ಸರಿ, ಮೇಜಿನ ಮೇಲೆ ಇರುವಾಗಲೇ ಬಂದು ನೋಡ್ಲಿ. ಬಿಚ್ಚಿದ ಸ್ಥಿತೀಲಿ ನೋಡಿದ್ರೆ ನಾನು ಇಲ್ಲಿ ಬರೆದಿದ್ದೆಲ್ಲಾ ಐದು ನಿಮಿಷದಲ್ಲಿ ಗೊತ್ತಾಗತ್ತೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಾಜಿನ ಕೆಲಸದವನು, ಮೈಸೂರು