ಹಾಡಿಯ ಮಕ್ಕಳ ಮಾತಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಾನು ಕೆಲಸ ಮಾಡುವುದು ವೈಟ್‌ಫೀಲ್ಡ್ ಕಡೆಯ ಒಂದು ಐಟಿ ಆಫೀಸಿನಲ್ಲಿ. ಸೆಪ್ಟೆಂಬರ್ 30 ಬಂದರೆ ನಮ್ಮ ಕೆನಡಾ ಟೀಮಿಗೆ ರಜೆ. ‘ಇವರಿಗೇನಪ್ಪಾ, ವರ್ಷವೆಲ್ಲಾ ರಜೆ’ ಅಂತ ಇಲ್ಲಿ ನಗುತ್ತಾರೆ. ಯಾತಕ್ಕೆ ಅಂತ ಕೇಳುವವರು ಕಮ್ಮಿ. ಕೆನಡಾದ ವಸತಿ ಶಾಲೆಗಳಲ್ಲಿ ನೊಂದ, ಸತ್ತ ಮಕ್ಕಳನ್ನು ನೆನೆಯುವ ದಿನ ಅದು.

ಅಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ವಸತಿ ಶಾಲೆಗಳಿಗೆ ಹಾಕಿದರು. ದುಡ್ಡು ಸರ್ಕಾರದ್ದು, ನಡೆಸಿದ್ದು ಹೆಚ್ಚಾಗಿ ಚರ್ಚುಗಳು. 1920ರಲ್ಲಿ ಕಾನೂನು ತಂದು ಕಡ್ಡಾಯವನ್ನೇ ಮಾಡಿದರು. ಹೋದ ತಕ್ಷಣ ಕೂದಲಿಗೆ ಕತ್ತರಿ, ಎಷ್ಟೋ ಕಡೆ ಹೆಸರಿನ ಬದಲು ನಂಬರ್, ಮನೆಮಾತು ಆಡಿದರೆ ಏಟು. ಸಾವಿರಾರು ಮಕ್ಕಳು ಅಲ್ಲೇ ಸತ್ತರು. ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿಗೆ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು ಮೊದಲ ದಿನವೇ ಕಿತ್ತುಕೊಂಡರು, ಅದಕ್ಕೇ ಈಗ ಆ ದಿನ ಜನ ಕಿತ್ತಳೆ ಬಣ್ಣ ತೊಡುವುದು. ಇದು ನಡೆದದ್ದು 1973ರಲ್ಲಿ, ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ. ತೀರಾ ಹಳೇ ಕಥೆಯೇನಲ್ಲ! 2008ರಲ್ಲಿ ಕೆನಡಾ ಪ್ರಧಾನಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. 2015ರಲ್ಲಿ, ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 94 ಶಿಫಾರಸು ಕೊಟ್ಟಿತು, ಮೂಲನಿವಾಸಿಗಳ ಭಾಷೆಗಳನ್ನು ಉಳಿಸುವುದೂ ಅದರಲ್ಲಿದೆ.

ಹಾಡಿಗಳ, ಅಂದರೆ ಕಾಡಂಚಿನ ಬುಡಕಟ್ಟು ಊರುಗಳ, ಮಕ್ಕಳಿಗೆ ಸರ್ಕಾರ ನಡೆಸುವ ನಮ್ಮ ಆಶ್ರಮ ಶಾಲೆಗಳನ್ನು ಇದರ ಜೊತೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಅವು ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಅಕ್ಷರವೂ ಇಲ್ಲ, ಹೊತ್ತುಹೊತ್ತಿಗೆ ಊಟವೂ ಇಲ್ಲ. ಆದರೆ ನಮ್ಮ ಆಫೀಸಿನಲ್ಲೇ ಎಚ್.ಡಿ. ಕೋಟೆ ಕಡೆಯ ಜೇನು ಕುರುಬರ ಹುಡುಗನೊಬ್ಬ ಇದ್ದಾನೆ, ಅಂಥ ಶಾಲೆಯಲ್ಲೇ ಓದಿದವನು. ಅವನು ಬಾಯಿ ತೆರೆದರೆ ಸಾಕು, ‘ಅದೇನೋ ಕಾಡು ಭಾಷೆ, ಸರಿಯಾಗಿ ಮಾತಾಡೋ’ ಅಂತ ಮೇಷ್ಟ್ರು ಗದರುತ್ತಿದ್ದರಂತೆ. ಕೊನೆಕೊನೆಗೆ ಅವ್ವ ನೋಡಲು ಬಂದರೆ ಇವನೇ ಗೇಟಿನ ಹತ್ತಿರ ‘ಮೆಲ್ಲಗೆ ಮಾತಾಡು’ ಅನ್ನುತ್ತಿದ್ದನಂತೆ. ಅವನಿಗೆ ಯಾರೂ ಹೊಡೆದಿರಲಿಲ್ಲ.

ಬೆಂಗಳೂರಿನ ಯಾವುದೋ ಶಾಲೆಯಲ್ಲಿ ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕಿದರು ಅಂದರೆ ನಾವು ಸುಮ್ನೆ ಇರುತ್ತೇವಾ? ಇಲ್ಲ ಅಲ್ವಾ. ನಾನೇ ಎದ್ದು ಜಗಳಕ್ಕೆ ಹೋಗುತ್ತೇನೆ. ಹಾಡಿಯ ಮಗುವಿನ ಎದುರು ಮಾತ್ರ ಆ ಶಾಲೆಯವರ ಜಾಗದಲ್ಲಿ ನಿಂತಿರುವವರು ನಾವು, ಕನ್ನಡದವರು.

ಆಶ್ರಮ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿಗಾದರೂ ಅದೇ ಹಾಡಿ, ಪೋಡುಗಳಲ್ಲಿ ಓದಿದ ಹುಡುಗ ಹುಡುಗಿಯರನ್ನು ಟೀಚರಾಗಿ ತೆಗೆದುಕೊಳ್ಳಲಿ. ಡಿಗ್ರಿ, ಡಿ.ಇಡಿ. ಮುಗಿಸಿ ಕೆಲಸ ಇಲ್ಲದೆ ಕೂತವರು ಅಲ್ಲೇ ಸಿಗುತ್ತಾರೆ. ಮುಂದಿನ ನೇಮಕಾತಿಯಲ್ಲೇ ಸರ್ಕಾರ ಇದನ್ನು ಮಾಡಬಹುದು, ಆಯೋಗ ಗೀಯೋಗ ಏನೂ ಬೇಕಿಲ್ಲ.

– ನಿಮ್ಮ ಓದುಗ, ಕಾಡುಗೋಡಿ, ಬೆಂಗಳೂರು