ಹಾಡು ಬರೆದವರ ಹೆಸರೂ ಇರಲಿ

ಮಾನ್ಯರೇ,

ಅಮೆರಿಕದ ಹಳ್ಳಿಗಾಡಿನ ಧಾಟಿಯ ‘ಕಂಟ್ರಿ’ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಕುರಿತ ನಿಮ್ಮ ಪುರವಣಿಯ ಬರಹದಲ್ಲಿ ಅವರ ವಿಗ್ಗು, ಮಿಂಚುವ ಬಟ್ಟೆಗಳ ಮಾತೇ ಜಾಸ್ತಿ ಇತ್ತು. ಅವರು ಹಾಡು ಬರೆಯುವವರು ಎಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು.

ಟೆನ್ನೆಸ್ಸೀಯ ಬೆಟ್ಟದ ಸೀಮೆಯಲ್ಲಿ, ಹನ್ನೆರಡು ಮಕ್ಕಳ ಬಡ ಮನೆಯಲ್ಲಿ 1946ರಲ್ಲಿ ಹುಟ್ಟಿದವರು ಅವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟದ್ದು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ‘ಐ ವಿಲ್ ಆಲ್ವೇಸ್ ಲವ್ ಯೂ’ ಅವರೇ ಬರೆದು 1974ರಲ್ಲಿ ಹೊರತಂದ ಹಾಡು. ರಾಕ್ ಸಂಗೀತದ ದೊಡ್ಡ ತಾರೆ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಲು ಬಯಸಿದಾಗ, ಎಲ್ವಿಸ್ ಅವರ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಎಲ್ವಿಸ್ ಅಂದರೆ ಸುಮ್ನೆ ಅಲ್ಲ. ಬೇರೆ ಯಾರಾದರೂ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರೇನೋ. ಇವರು ಒಪ್ಪಲಿಲ್ಲ. ಆ ರಾತ್ರಿಯೆಲ್ಲ ಅತ್ತಿದ್ದೆ ಎಂದು ಆಮೇಲೆ ಹೇಳಿಕೊಂಡಿದ್ದಾರೆ. 1992ರಲ್ಲಿ ಗಾಯಕಿ ವಿಟ್ನಿ ಹೂಸ್ಟನ್ ಸಿನಿಮಾಕ್ಕಾಗಿ ಅದೇ ಹಾಡನ್ನು ಹಾಡಿ, ಅದು ಜಗತ್ತಿನ ಬಾಯಲ್ಲಿ ಬಿದ್ದಾಗ ಬರೆದವರ ಪಾಲು ಡಾಲಿ ಕೈಗೇ ಬಂತು.

ಅಪ್ಪನಿಗೆ ಓದುಬರಹ ಬಾರದ ನೋವಿನಿಂದ 1995ರಲ್ಲಿ ತಮ್ಮ ಸೀಮೆಯ ಪುಟ್ಟ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕವನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸಲು ಶುರುಮಾಡಿದರು. ವಿಗ್ಗಿಗಿಂತ ಅದಕ್ಕೆ ತುಸು ಹೆಚ್ಚು ಜಾಗ ಸಿಗಬೇಕಿತ್ತು, ಅಲ್ವಾ?

ನಮ್ಮಲ್ಲೂ ಒಂದು ಹಾಡನ್ನು ನಟನ ಹೆಸರಿನಲ್ಲಿ, ಹೆಚ್ಚೆಂದರೆ ಹಾಡಿದವರ ಹೆಸರಿನಲ್ಲಿ ನೆನೆಯುತ್ತೇವೆ. ನಿಮ್ಮ ಸಿನಿಮಾ ಪುಟದಲ್ಲಿ ಹಾಡಿನ ಪ್ರಸ್ತಾಪ ಬಂದಾಗಲೆಲ್ಲ ಬರೆದವರ ಹೆಸರನ್ನೂ ಪಕ್ಕದಲ್ಲೇ ಹಾಕುವ ರೂಢಿ ಮಾಡಬಹುದು.

– ಒಬ್ಬ ಓದುಗ, ಶಿವಮೊಗ್ಗ